ಡಚ್ಚರು ಸ್ಪೇನಿನ ವಿರುದ್ಧ ತಿರುಗಿಬಿದ್ದದ್ದು ಯಾಕೆ: ಧರ್ಮವೋ, ತೆರಿಗೆಯೋ, ಹಳೆಯ ಹಕ್ಕುಗಳೋ?

ಎಂಎ_ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ಯುರೋಪ್ ಇತಿಹಾಸದ ಪೇಪರಿಗೆ ಓದ್ತಾ ಇದೀನಿ. ಡಚ್ ದಂಗೆಗೆ ನಮ್ಮ ನೋಟ್ಸಿನಲ್ಲಿ ಒಂದೇ ಸಾಲಿನ ಕಾರಣ ಇದೆ: ಸ್ಪೇನಿನ ದೊರೆ ಎರಡನೇ ಫಿಲಿಪ್‌ನ ಧಾರ್ಮಿಕ ಅಸಹನೆ ತಾಳಲಾರದೆ ಪ್ರೊಟೆಸ್ಟೆಂಟರು ದಂಗೆ ಎದ್ದರು, ಅಷ್ಟೇ. ಆದರೆ 1568ರ ಜೂನ್ 5ರಂದು ಬ್ರಸೆಲ್ಸಿನ ಚೌಕದಲ್ಲಿ ತಲೆ ಕಡಿಸಿದ್ದು ಎಗ್ಮಂಟ್ ಮತ್ತು ಹೋರ್ನ್ ಎಂಬ ಇಬ್ಬರು ಕೌಂಟರದ್ದು (ಆ ನಾಡಿನ ದೊಡ್ಡ ಸರದಾರರು). ಇಬ್ಬರೂ ಕ್ಯಾಥೊಲಿಕರು! ಎಗ್ಮಂಟ್ ಅಂತೂ 1558ರಲ್ಲಿ ಗ್ರಾವ್ಲೀನ್ಸ್ ಕದನದಲ್ಲಿ ಫ್ರೆಂಚರನ್ನು ಸೋಲಿಸಿ ಇದೇ ಫಿಲಿಪ್‌ಗೆ ಗೆಲುವು ತಂದುಕೊಟ್ಟವನು. ಧರ್ಮವೇ ಕಾರಣ ಆಗಿದ್ರೆ ಇವರ ತಲೆ ಯಾಕೆ ಹೋಯ್ತು? ತಿಳಿದವರು ಬಿಡಿಸಿ ಹೇಳ್ತೀರಾ?

ಹಳೇ_ಮೇಷ್ಟ್ರು:
ಒಳ್ಳೆಯ ಜಾಗದಲ್ಲಿ ಕೈ ಇಟ್ಟಿದ್ದೀರಿ. ಮೊದಲು ಸ್ಪೇನಿನದು 'ಪರಕೀಯ ಆಳ್ವಿಕೆ' ಎಂಬ ಸಾಮಾನ್ಯ ಮಾತನ್ನೇ ಸ್ವಲ್ಪ ಕೆದಕೋಣ. ಸ್ಪೇನು ದಂಡೆತ್ತಿ ಹೋಗಿ ಗೆದ್ದ ನಾಡಲ್ಲ ನೆದರ್ಲೆಂಡ್ಸ್. ಬರ್ಗಂಡಿಯ ಡ್ಯೂಕರ ಆಸ್ತಿ, ಮದುವೆ ಮತ್ತು ಉತ್ತರಾಧಿಕಾರದ ದಾರಿಯಲ್ಲಿ ಹ್ಯಾಬ್ಸ್‌ಬರ್ಗ್ ಮನೆತನಕ್ಕೆ ಬಂತು. ಫಿಲಿಪ್‌ನ ತಂದೆ ಐದನೇ ಚಾರ್ಲ್ಸ್ ಹುಟ್ಟಿದ್ದೇ ಗೆಂಟ್ ಊರಿನಲ್ಲಿ, 1500ರಲ್ಲಿ. ಜನ ಅವನನ್ನು ತಮ್ಮವನೆಂದೇ ಎಣಿಸುತ್ತಿದ್ದರು. ಈಗಿನ ನೆದರ್ಲೆಂಡ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್, ಫ್ರಾನ್ಸಿನ ಉತ್ತರದ ಒಂದು ಅಂಚು, ಎಲ್ಲ ಸೇರಿ 17 ಪ್ರಾಂತಗಳು. 'ನೆದರ್ಲೆಂಡ್ಸಿನ ರಾಜ' ಎಂಬ ಪಟ್ಟವೇ ಇರಲಿಲ್ಲ. ಚಾರ್ಲ್ಸ್ ಬ್ರಬಾಂಟಿಗೆ ಡ್ಯೂಕ್, ಹಾಲೆಂಡಿಗೆ ಕೌಂಟ್, ಫ್ಲಾಂಡರ್ಸಿಗೂ ಅವನೇ ಕೌಂಟ್. ಒಂದೊಂದು ಪ್ರಾಂತಕ್ಕೂ ಬೇರೆ ಬೇರೆ ಪ್ರಮಾಣವಚನ, ಬೇರೆ ಬೇರೆ ಕಟ್ಟಳೆ.

ಬ್ರಬಾಂಟಿನ ಪ್ರಮಾಣವಚನ 1356ರಷ್ಟು ಹಳೆಯದು. 'ಸಂತಸದ ಪ್ರವೇಶ' ಎಂದು ಅದರ ಹೆಸರು. ಡ್ಯೂಕನು ಈ ಹಕ್ಕುಗಳನ್ನು ಮುರಿದರೆ, ಸರಿಪಡಿಸುವ ತನಕ ಪ್ರಜೆಗಳು ಅವನ ಮಾತು ಕೇಳಬೇಕಿಲ್ಲ ಎಂದು ಅದರಲ್ಲೇ ಬರೆದಿದೆ. ಫಿಲಿಪ್ 1549ರಲ್ಲಿ ಯುವರಾಜನಾಗಿ ಬಂದಾಗ ಇದರ ಮೇಲೆ ಆಣೆ ಮಾಡಿದ್ದ. ಮುಂದಿನ ಅರ್ಧ ಕಥೆ ಈ ಆಣೆಯೊಳಗೇ ಇದೆ ಅನ್ನುವುದು ನನ್ನ ಎಣಿಕೆ.

1555ರ ಅಕ್ಟೋಬರ್ 25ರಂದು ಬ್ರಸೆಲ್ಸಿನಲ್ಲಿ ಚಾರ್ಲ್ಸ್ ಈ ನಾಡುಗಳನ್ನು ಮಗನಿಗೆ ಬಿಟ್ಟುಕೊಟ್ಟ. ವಾತದಿಂದ ನಿಲ್ಲಲಾರದೆ ಆರೆಂಜ್ ಎಂಬ ಸಣ್ಣ ಸಂಸ್ಥಾನದ ಒಡೆಯ, 22 ವರ್ಷದ ವಿಲಿಯಂನ ಹೆಗಲ ಮೇಲೆ ಕೈಯೂರಿ ಸಭೆಗೆ ಬಂದ. ಮುಂದೆ ಮಗನ ಮೇಲೆ ಬಂಡೇಳುವವನು ಇದೇ ವಿಲಿಯಂ. ಅದೇ ಸಭೆಯಲ್ಲಿ ಫಿಲಿಪ್ ಎದ್ದುನಿಂತು, ತನಗೆ ಈ ಜನರ ಭಾಷೆಯಲ್ಲಿ ಸರಾಗವಾಗಿ ಮಾತಾಡಲು ಬಾರದೆಂದು ಹೇಳಿ, ಅರಾಸಿನ ಬಿಷಪ್ ಗ್ರಾನ್ವೆಲ್‌ನಿಂದ ಭಾಷಣ ಓದಿಸಿದ. 1559ರಲ್ಲಿ ಹಡಗು ಹತ್ತಿ ಸ್ಪೇನಿಗೆ ಹೋದವನು 1598ರಲ್ಲಿ ಸಾಯುವ ತನಕ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ದೊರೆ ಪರಕೀಯನಾಗುತ್ತಾ ಹೋದದ್ದು ಹೀಗೆ.

ಧಾರವಾಡದಾಂವ:
ಮೇಷ್ಟ್ರ, ಹಂಗ ಭಾಷಾ, ಆಣಿ ಅಂತ ಹೋದ್ರ ರೊಕ್ಕದ ಮಾತು ಹಿಂದ ಬೀಳ್ತದ ನೋಡ್ರಿ. 1557ರಾಗ ಫಿಲಿಪ್‌ನ ಖಜಾನಿ ದಿವಾಳಿ ಎದ್ದಿತ್ತು. ಫ್ರಾನ್ಸ್ ಜೋಡಿ ಯುದ್ಧ, ಮೆಡಿಟರೇನಿಯನ್ನಿನಾಗ ತುರ್ಕರ ಜೋಡಿ ಯುದ್ಧ. ಈ ಎಲ್ಲಾ ಖರ್ಚು ಯಾರು ಕೊಡಬೇಕು? ಆಂಟ್ವರ್ಪ್ ಅಂದ್ರ ಆವಾಗಿನ ಉತ್ತರ ಯುರೋಪಿನ ದೊಡ್ಡ ಪ್ಯಾಟಿ. ಇಂಗ್ಲಿಷ್ ಬಟ್ಟಿ, ಪೋರ್ಚುಗೀಸರ ಮೆಣಸು, ಜರ್ಮನಿ ಬೆಳ್ಳಿ ಎಲ್ಲಾ ಅಲ್ಲೇ ಬಂದು ಬೀಳ್ತಿದ್ವು. ರಾಜನ ಕಣ್ಣು ಅದರ ಮ್ಯಾಲ. ಪ್ರಾಂತದ ಪ್ರತಿನಿಧಿಗಳು ಒಂಬತ್ತು ವರ್ಷದ ತೆರಿಗಿ ಒಪ್ಪಿದ್ರು ಖರೆ, ಆದ್ರ 'ವಸೂಲಿನೂ ಲೆಕ್ಕಾನೂ ನಮ್ಮ ಕೈಯಾಗೇ ಇರಬೇಕು' ಅಂತ ಷರತ್ತು ಹಾಕಿದ್ರು. ಧರ್ಮದ ಗದ್ದಲ ಜೋರಾಗೂಕಿಂತ ಮೊದಲ ಇದು ಶುರು ಆಗಿತ್ತು.

ನಾ ಸೇಲ್ಸ್ ಟ್ಯಾಕ್ಸ್ ಇಲಾಖೆಯಾಗ ಇದ್ದು ರಿಟೈರ್ ಆದಾಂವ. ನನಗ ಎಲ್ಲಾ ತೆರಿಗಿನೇ ಕಾಣಸ್ತದ ಅಂತ ನಗಬ್ಯಾಡ್ರಿ. 😀

ಡೆಲ್ಫ್ಟ್_ಕನ್ನಡತಿ:
ನಗ್ತಿಲ್ಲ ಸರ್. ನಿಮ್ಮ ತೆರಿಗೆಗೆ ಆಮೇಲೆ ಬರ್ತೀನಿ. ನಾನು ಹಲವು ವರ್ಷಗಳಿಂದ ಡೆಲ್ಫ್ಟಿನಲ್ಲೇ ಇದ್ದೀನಿ. ಇಲ್ಲಿಯ ಶಾಲಾ ಪುಸ್ತಕದಲ್ಲೂ ಧರ್ಮ, ರಾಜಕೀಯ, ಆರ್ಥಿಕ ಅಂತ ಮೂರು ಡಬ್ಬಿ ಮಾಡಿ ಮಕ್ಕಳಿಗೆ ಕೊಡ್ತಾರೆ. ಮಗಳ ಪುಸ್ತಕ ನೋಡಿ ನನಗೆ ಅನ್ನಿಸಿದ್ದು, ಆ ಕಾಲದವರಿಗೆ ಈ ಡಬ್ಬಿಗಳೇ ಇರಲಿಲ್ಲ. ಹೊಸ ಬಿಷಪ್ ಪೀಠಗಳ ಯೋಜನೆಯನ್ನೇ ನೋಡಿ.

ಇಷ್ಟು ಜನ ತುಂಬಿದ ನಾಡಿಗೆ ಇದ್ದದ್ದು ನಾಲ್ಕೇ ಬಿಷಪ್ ಪೀಠ. 1559ರಲ್ಲಿ ಪೋಪನ ಒಪ್ಪಿಗೆಯಿಂದ ಫಿಲಿಪ್ ಅದನ್ನ 18ಕ್ಕೆ ಏರಿಸಿದ. ಮೇಲುನೋಟಕ್ಕೆ ಅಗತ್ಯ ಇದ್ದ ಸುಧಾರಣೆಯೇ. ಆದ್ರೆ ಒಂದೊಂದೇ ಎಳೆ ಬಿಚ್ಚಿ. ಹೊಸ ಬಿಷಪ್‌ಗಳನ್ನ ಹೆಸರಿಸೋದು ರಾಜ. ಅವರ ಖರ್ಚಿಗೆ ಬ್ರಬಾಂಟಿನ ಶ್ರೀಮಂತ ಮಠಗಳ ಆದಾಯ. ಆ ಮಠಗಳ ಅಧಿಪತಿಗಳಿಗೆ ಬ್ರಬಾಂಟಿನ ಪ್ರತಿನಿಧಿ ಸಭೆಯಲ್ಲಿ ಆಸನ ಇತ್ತು. ಈಗ ಆ ಆಸನದಲ್ಲಿ ರಾಜನೇ ಆರಿಸಿದ ಬಿಷಪ್ ಕೂರ್ತಾನೆ, ತೆರಿಗೆಗೆ ಮತ ಹಾಕ್ತಾನೆ. ಬಿಷಪ್ ಆಗೋಕೆ ದೇವತಾಶಾಸ್ತ್ರದ ಪದವಿ ಬೇಕು ಅಂತ ನಿಯಮ, ಅಂದ್ರೆ ಗೌಡಿಕೆ ಮನೆತನಗಳ ಕಿರಿಯ ಗಂಡುಮಕ್ಕಳಿಗೆ ಸಿಗ್ತಿದ್ದ ಸುಖದ ಹುದ್ದೆಗಳು ಹೋದವು. ಪ್ರತಿ ಪೀಠಕ್ಕೂ ಧರ್ಮವಿಚಾರಣೆ (ಇನ್‌ಕ್ವಿಸಿಷನ್, ಅಂದ್ರೆ ಚರ್ಚು ಒಪ್ಪದ ನಂಬಿಕೆಯವರನ್ನ ಹುಡುಕಿ ವಿಚಾರಿಸೋದು) ನಡೆಸೋ ಪಾದ್ರಿಗಳು. ಎಲ್ಲಕ್ಕೂ ಮೇಲೆ, ಮೆಕೆಲೆನ್ನಿನ ಆರ್ಚ್‌ಬಿಷಪ್ ಆಗಿ ಯಾರು? ಅದೇ ಗ್ರಾನ್ವೆಲ್, 1561ರಲ್ಲಿ ಕಾರ್ಡಿನಲ್ ಬೇರೆ ಆದ.

ಈಗ ಹೇಳಿ, ಇದು ಧರ್ಮದ ವಿಷಯವೋ ರಾಜಕೀಯದ್ದೋ? ಎಗ್ಮಂಟ್, ಹೋರ್ನ್ ಥರದ ಅಪ್ಪಟ ಕ್ಯಾಥೊಲಿಕರು, ಕ್ಯಾಥೊಲಿಕ್ ಮಠಾಧಿಪತಿಗಳು ಎಲ್ಲ ಇದನ್ನ ವಿರೋಧಿಸಿದರು. ಬಿಷಪ್ ಮತ್ತು ಧರ್ಮವಿಚಾರಣೆ ಬಂದ್ರೆ ಜರ್ಮನಿಯ ಲೂಥರನ್ (ಲೂಥರನನ್ನ ಅನುಸರಿಸೋ ಪ್ರೊಟೆಸ್ಟೆಂಟ್) ವ್ಯಾಪಾರಿಗಳು ಗಂಟು ಕಟ್ಟಿಕೊಂಡು ಹೋಗ್ತಾರೆ ಅಂತ ಆಂಟ್ವರ್ಪ್ ನಗರಸಭೆ ಫಿಲಿಪ್ ಹತ್ತಿರ ದೂತರನ್ನೇ ಕಳಿಸ್ತು. 1564ರಲ್ಲಿ ಗ್ರಾನ್ವೆಲ್ ಜಾಗ ಖಾಲಿ ಮಾಡಬೇಕಾಯ್ತು. ಪ್ರೊಟೆಸ್ಟೆಂಟರು ಇನ್ನೂ ರಂಗದ ಮಧ್ಯಕ್ಕೆ ಬಂದೇ ಇರಲಿಲ್ಲ.

ಎಂಎ_ಶಿವಮೊಗ್ಗ:
ಅಕ್ಕಾ, ಇದು ನಮ್ಮ ನೋಟ್ಸಿನಲ್ಲಿ ಒಂದಕ್ಷರವೂ ಇಲ್ಲ. ಸ್ಪೇನಿನ ಇನ್‌ಕ್ವಿಸಿಷನ್ ಬಗ್ಗೆ ಮಾತ್ರ ಇದೆ.

ಹಳೇ_ಮೇಷ್ಟ್ರು:
ಸ್ಪೇನಿನ ಇನ್‌ಕ್ವಿಸಿಷನ್ ನೆದರ್ಲೆಂಡ್ಸಿಗೆ ಬರಲೇ ಇಲ್ಲ, ಬರುತ್ತದೆ ಎಂಬ ಗುಲ್ಲು ಬಂತು. ಗುಲ್ಲನ್ನು ಬೇಕೆಂದೇ ಹಬ್ಬಿಸಿದವರೂ ಇದ್ದರು. ಬರುವ ಅಗತ್ಯವೂ ಇರಲಿಲ್ಲ ಎನ್ನಿ. ಚಾರ್ಲ್ಸ್ 1522ರಲ್ಲೇ ಈ ನಾಡಿಗೆಂದು ಬೇರೆ ಧರ್ಮವಿಚಾರಣೆ ಏರ್ಪಡಿಸಿದ್ದ. 1523ರ ಜುಲೈ 1ರಂದು ಲೂಥರನ ಮಾತು ಬಿಡಲೊಪ್ಪದ ಇಬ್ಬರು ಅಗಸ್ಟೀನಿಯನ್ ಸನ್ಯಾಸಿಗಳನ್ನು ಬ್ರಸೆಲ್ಸಿನಲ್ಲಿ ಸುಟ್ಟರು. ಪ್ರೊಟೆಸ್ಟೆಂಟರು ತಮ್ಮ ಮೊದಲ ಹುತಾತ್ಮರೆಂದು ಎಣಿಸುವುದು ಇವರನ್ನೇ. 1550ರ ರಾಜಾಜ್ಞೆಯನ್ನು ಜನ 'ರಕ್ತದ ಆಜ್ಞೆ' ಎಂದರು. ನಿಷೇಧಿತ ಪುಸ್ತಕ ಇಟ್ಟುಕೊಂಡರೆ ಸಾವು, ಪಾಷಂಡಿಗೆ ಮನೆಯಲ್ಲಿ ಜಾಗ ಕೊಟ್ಟರೆ ಸಾವು. ತಪ್ಪೊಪ್ಪಿಕೊಂಡ ಗಂಡಸಿಗೆ ಕತ್ತಿ, ಹೆಂಗಸಿಗೆ ಜೀವಂತ ಸಮಾಧಿ. ಒಪ್ಪದೆ ಹಟ ಹಿಡಿದವರಿಗೆ ಬೆಂಕಿ. ಚಾಡಿ ಹೇಳಿದವನಿಗೆ ಆಸ್ತಿಯಲ್ಲಿ ಪಾಲು.

1523ರಿಂದ 1566ರ ನಡುವೆ ಸುಮಾರು 1,300 ಜನರನ್ನು ಧರ್ಮದ್ರೋಹದ ಹೆಸರಿನಲ್ಲಿ ಕೊಂದರು ಎಂಬುದು ಇತಿಹಾಸಕಾರರು ಒಪ್ಪುವ ಅಂದಾಜು. ಬಹುಪಾಲು ಅನಬ್ಯಾಪ್ಟಿಸ್ಟರು (ದೊಡ್ಡವರಾದ ಮೇಲೆಯೇ ದೀಕ್ಷಾಸ್ನಾನ ಎನ್ನುವ ಪ್ರೊಟೆಸ್ಟೆಂಟ್ ಪಂಗಡ): ನೇಕಾರರು, ಕುಶಲಕರ್ಮಿಗಳು, ಬಡ ಹೆಂಗಸರು. ನೀವೆಲ್ಲ ತೆರಿಗೆ, ಮಠ, ಮತ ಎಂದು ಲೆಕ್ಕ ಹಾಕುವಾಗ ಇವರನ್ನು ಮರೆಯಬಾರದು ಎಂದು ನಾನು ಜಗಳಕ್ಕೇ ನಿಲ್ಲುತ್ತೇನೆ. ಅವರಿಗೆ ಪ್ರತಿನಿಧಿ ಸಭೆಯಲ್ಲಿ ಆಸನ ಇರಲಿಲ್ಲ, ಕಳೆದುಕೊಳ್ಳಲು ಹಕ್ಕುಪತ್ರವೂ ಇರಲಿಲ್ಲ. ಅವರು ಸತ್ತದ್ದು ನಂಬಿಕೆಗಾಗಿಯೇ.

ಡೆಲ್ಫ್ಟ್_ಕನ್ನಡತಿ:
ಮೇಷ್ಟ್ರೇ, ಅದರಲ್ಲಿ ಎರಡು ಮಾತಿಲ್ಲ. ಡಿರ್ಕ್ ವಿಲೆಮ್ಸ್ ಅಂತ ಒಬ್ಬ ಅನಬ್ಯಾಪ್ಟಿಸ್ಟ್. ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿ ಪಾರಾದ. ಅಟ್ಟಿಸಿಕೊಂಡು ಬಂದವನು ಮಂಜುಗಡ್ಡೆ ಒಡೆದು ಮುಳುಗುವಾಗ ವಾಪಸ್ ಹೋಗಿ ಅವನನ್ನ ಎತ್ತಿದ, ಸಿಕ್ಕಿಬಿದ್ದ, 1569ರಲ್ಲಿ ಆಸ್ಪರೆನ್ನಿನಲ್ಲಿ ಸುಡಿಸಿಕೊಂಡ. ಅಂಥವರು ದಂಗೆ ಎದ್ದವರೇ ಅಲ್ಲ, ಆಯುಧ ಮುಟ್ಟದ ಜನ.

ಆದ್ರೆ ಪ್ರಶ್ನೆ ಇರೋದು, ಈ ಸಾವುಗಳು ಕ್ಯಾಥೊಲಿಕ್ ನಗರಸಭೆಗಳಿಗೆ ಯಾಕೆ ಚುಚ್ಚಿದವು ಅಂತ. ಎಷ್ಟೋ ಊರುಗಳಿಗೆ ಹಳೆಯ ಹಕ್ಕುಪತ್ರ ಇತ್ತು: ನಮ್ಮ ಊರಿನವನ ವಿಚಾರಣೆ ನಮ್ಮ ನ್ಯಾಯಪೀಠದಲ್ಲೇ ಆಗಬೇಕು, ಅಪರಾಧಿಯ ಆಸ್ತಿ ಪೂರ್ತಿ ಮುಟ್ಟುಗೋಲು ಹಾಕುವಂತಿಲ್ಲ, ಹೆಂಡತಿ ಮಕ್ಕಳಿಗೆ ಉಳೀಬೇಕು. ರಾಜಾಜ್ಞೆ ಇವೆರಡನ್ನೂ ತುಳಿದುಹಾಕಿತು. ಫ್ಲಾಂಡರ್ಸಿನಲ್ಲಿ ಪೀಟರ್ ಟಿಟೆಲ್‌ಮನ್ಸ್ ಅನ್ನೋ ವಿಚಾರಣಾಧಿಕಾರಿ ಊರ ನ್ಯಾಯಾಧೀಶರನ್ನ ಕೇಳದೆಯೇ ಜನರನ್ನ ಎಳೆದೊಯ್ತಾನೆ ಅಂತ ನಗರಗಳೇ ದೂರು ಬರೆದವು. ನೇಕಾರನ ಮೇಲಿನ ಕರುಣೆ ಎಷ್ಟಿತ್ತೋ, ತಮ್ಮ ಅಧಿಕಾರ ಹೋಯ್ತು ಅನ್ನೋ ಸಿಟ್ಟು ಎಷ್ಟಿತ್ತೋ. ಹೇಗೂ ಎರಡೂ ಒಂದೇ ಅರ್ಜಿಯಲ್ಲಿ ಸೇರಿಕೊಂಡವು.

ಕಡಲತೀರ_ಕುಂದಾಪುರ:
ಚೆನ್ನಾಗಿ ನಡೀತಿದೆ. ಆದ್ರೆ ಈ ವಿಲಿಯಂ ನಿಜಕ್ಕೂ ಏನು ನಂಬಿದ್ದ? ಒಂದು ಕಡೆ ಲೂಥರನ್, ಇನ್ನೊಂದು ಕಡೆ ಕ್ಯಾಥೊಲಿಕ್, ಆಮೇಲೆ ಕ್ಯಾಲ್ವಿನ್ ಪಂಥ (ಪ್ರೊಟೆಸ್ಟೆಂಟರ ಇನ್ನೊಂದು ಪಂಗಡ) ಅಂತಾರೆ. ಅವಕಾಶವಾದಿ ಅನ್ನೋದೇ ನನ್ನ ಅಭಿಪ್ರಾಯ.

ಹಳೇ_ಮೇಷ್ಟ್ರು:
ಹುಟ್ಟಿದ್ದು ಲೂಥರನ್ ಮನೆಯಲ್ಲಿ. 11ನೇ ವಯಸ್ಸಿಗೆ ಆರೆಂಜಿನ ಆಸ್ತಿ ಬಂದಾಗ ಚಾರ್ಲ್ಸ್ ಹಾಕಿದ ಷರತ್ತಿನಂತೆ ಕ್ಯಾಥೊಲಿಕನಾಗಿ ಬೆಳೆದ. 1573ರಲ್ಲಿ ಕ್ಯಾಲ್ವಿನ್ ಪಂಥದ ಚರ್ಚು ಸೇರಿದ. ಅವಕಾಶವಾದಿ ಎನ್ನುವುದು ಸುಲಭ. ಆದರೆ 1564ರ ಡಿಸೆಂಬರ್ 31ರಂದು, ಇನ್ನೂ ಕ್ಯಾಥೊಲಿಕನಾಗಿದ್ದಾಗಲೇ, ರಾಜ್ಯಮಂಡಳಿಯಲ್ಲಿ ಎದ್ದುನಿಂತು ಅವನು ಹೇಳಿದ್ದರ ಸಾರ ಇಷ್ಟು: ನಾನು ಕ್ಯಾಥೊಲಿಕನಾಗಿಯೇ ಇರಬಯಸುವವನು, ಆದರೆ ದೊರೆಗಳು ಪ್ರಜೆಗಳ ಅಂತಃಕರಣದ ಮೇಲೆ ಆಳ್ವಿಕೆ ಮಾಡುವುದನ್ನು ಒಪ್ಪಲಾರೆ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಅದಾದ ಮೇಲೆ ಎಗ್ಮಂಟನನ್ನು ಸ್ಪೇನಿಗೆ ಕಳಿಸಿದರು. ಫಿಲಿಪ್ ಅವನನ್ನು ಆದರಿಸಿ, ಹಿತವಾಗಿ ಮಾತಾಡಿ ಕಳಿಸಿದ. ರಾಜ ಮೆದುವಾಗಿದ್ದಾನೆಂದು ಎಗ್ಮಂಟ್ ನಂಬಿ ಬಂದ. 1565ರ ಅಕ್ಟೋಬರಿನಲ್ಲಿ ಸೆಗೋವಿಯಾದ ಕಾಡಿನ ಅರಮನೆಯಿಂದ ಬಂದ ಪತ್ರಗಳು ಅದನ್ನೆಲ್ಲ ನೀರಿಗೆ ಹಾಕಿದವು: ಆಜ್ಞೆಗಳಲ್ಲಿ ಒಂದಕ್ಷರ ಬದಲಾಗದು, ವಿಚಾರಣೆ ಮುಂದುವರಿಯಲಿ.

ಆಮೇಲೆ ಘಟನೆಗಳು ಓಡಿದವು. 1566ರ ಏಪ್ರಿಲ್ 5ರಂದು ಇನ್ನೂರಕ್ಕೂ ಹೆಚ್ಚು ಸಣ್ಣ ಗೌಡಿಕೆಯವರು ತಮ್ಮ ಮುಂದಾಳು ಬ್ರೆಡೆರೋಡನ ಹಿಂದೆ ಮೆರವಣಿಗೆ ಹೋಗಿ, ರಾಜನ ಪರವಾಗಿ ಆಳುತ್ತಿದ್ದ ರೀಜೆಂಟ್ ಮಾರ್ಗರೆಟ್‌ಳಿಗೆ ಅರ್ಜಿ ಕೊಟ್ಟರು. ಮಾರ್ಗರೆಟ್ ಫಿಲಿಪ್‌ನ ಮಲಅಕ್ಕ. ಆಸ್ಥಾನಿಕನೊಬ್ಬ ಇವರನ್ನು ತಿರುಕರೆಂದು ಹೀಯಾಳಿಸಿದನಂತೆ. ಇವರು ಅದನ್ನೇ ಬಿರುದು ಮಾಡಿಕೊಂಡು ಭಿಕ್ಷಾಪಾತ್ರೆಯ ಪದಕ ತೊಟ್ಟರು. ಅರ್ಜಿ ಕೊಟ್ಟವರಲ್ಲಿ ಕ್ಯಾಥೊಲಿಕರೂ ಇದ್ದರು.

ಧಾರವಾಡದಾಂವ:
ಈಗ ಬ್ಯಾಸಗಿ ಬಂತಲ್ರಿ, 1566ರದ್ದು. ಆ ವರ್ಷದ ಹೊಟ್ಟಿ ಹಸಿವಿ ಬಗ್ಗೆ ಯಾರೂ ಹೇಳವಲ್ರಿ! ಹಿಂದಿನ ವರ್ಷ ಡೆನ್ಮಾರ್ಕ್-ಸ್ವೀಡನ್ ಯುದ್ಧದಾಗ ಬಾಲ್ಟಿಕ್ ಸಮುದ್ರದ ಬಾಗಲಾ ಬಂದಾಗಿತ್ತು. ಅಲ್ಲಿಂದನ ಕಾಳು ಬರೋದು. ಚಳಿಗಾಲಾನೂ ಕೆಟ್ಟದು. ಅದಕ್ಕೂ ಮೊದಲ 1563-64ರಾಗ ಇಂಗ್ಲೆಂಡ್ ಜೋಡಿ ಜಗಳಾಗಿ ಬಟ್ಟಿ ವ್ಯಾಪಾರ ನಿಂತು ನೇಕಾರರು ಕೆಲಸಾ ಕಳಕೊಂಡಿದ್ರು. ಹಸದ ನೇಕಾರಗ ಊರ ಹೊರಗ ಬಯಲಾಗ ನಿಂತು ಒಬ್ಬಾಂವ ಪ್ರವಚನ ಹೇಳ್ತಾನ: ನಿಮ್ಮ ಚರ್ಚಿನ ಬಂಗಾರದ ಮೂರ್ತಿ ದೇವರಿಗೆ ಬ್ಯಾಡಾಗ್ಯಾವ ಅಂತ. ಉರಿಯೋ ಬೆಂಕಿಗೆ ತುಪ್ಪಾ ಸುರುವಿದಂಗ.

1566ರ ಆಗಸ್ಟ್ 10ಕ್ಕ ಸ್ಟೀನ್‌ವೋರ್ಡ ಅನ್ನೋ ನೇಕಾರರ ಸೀಮಿಯ ಊರಾಗ ಮೂರ್ತಿ ಒಡಿಯೋದು ಶುರು ಆತು. 20ಕ್ಕ ಆಂಟ್ವರ್ಪ್. ಫ್ಲಾಂಡರ್ಸ್ ಒಂದರಾಗನ 400 ಚರ್ಚು.

ಡೆಲ್ಫ್ಟ್_ಕನ್ನಡತಿ:
ಹಸಿವು ನಿಜ ಸರ್, ಆದ್ರೆ ಹಸಿದವರು ದೋಚಬೇಕಿತ್ತು ಅಲ್ವಾ? ಎಷ್ಟೋ ಕಡೆ ಬೆಳ್ಳಿ ಪಾತ್ರೆಗಳನ್ನ ತೂಕ ಮಾಡಿ ಊರ ಅಧಿಕಾರಿಗೆ ಒಪ್ಪಿಸಿ, ಮೂರ್ತಿ ಮಾತ್ರ ಒಡೆದಿದ್ದಾರೆ. ಸಣ್ಣ ಸಣ್ಣ ಗುಂಪುಗಳು, ಕೆಲವು ಕಡೆ ಕೂಲಿ ಕೊಟ್ಟು ಕರೆಸಿಕೊಂಡವರು, ಊರಿಂದ ಊರಿಗೆ ಹೋದರು. ಊರ ಕಾವಲು ಪಡೆ ಕೈಕಟ್ಟಿ ನೋಡ್ತಾ ನಿಂತಿತ್ತು. ಬ್ರೆಡ್ ಬೆಲೆಯಿಂದ ಅದು ಆ ಬೇಸಿಗೆಯಲ್ಲೇ ಯಾಕಾಯ್ತು ಅಂತ ಗೊತ್ತಾಗುತ್ತೆ. ಸಂತನ ಮುಖವನ್ನೇ ಯಾಕೆ ಕೆತ್ತಿಹಾಕಿದರು ಅಂತ ಗೊತ್ತಾಗೋಕೆ ಕ್ಯಾಲ್ವಿನ್ ಪಂಥವೇ ಬೇಕು. ಉಟ್ರೆಕ್ಟಿನ ಡೋಮ್ ಚರ್ಚಿನಲ್ಲಿ ಮುಖಗಳನ್ನಷ್ಟೇ ಉಳಿಯಿಂದ ಹೊಡೆದು ಬೋಳು ಮಾಡಿದ ಒಂದು ಶಿಲ್ಪಫಲಕ ಇದೆ. ಬಟ್ಟೆಯ ನೆರಿಗೆ, ಬಣ್ಣ ಎಲ್ಲ ಹಾಗೇ ಇವೆ. ಅದು ಸಿಟ್ಟಿನಲ್ಲಿ ಮಾಡಿದ ಕೆಲಸ ಅನ್ನಿಸಲ್ಲ, ಪಾಠ ಕೇಳಿ ಮಾಡಿದ್ದು.

ಮೂರ್ತಿಭಂಜನೆಯ ಇನ್ನೊಂದು ಫಲ: ಅರ್ಜಿ ಕೊಟ್ಟ ಕ್ಯಾಥೊಲಿಕ್ ಗೌಡರು ಗಾಬರಿಯಾಗಿ ಮಾರ್ಗರೆಟ್ ಕಡೆಗೆ ವಾಲಿದರು. ಎಗ್ಮಂಟ್ ಕೂಡ. 1567ರ ವಸಂತದ ಹೊತ್ತಿಗೆ ವ್ಯಾಲೆನ್ಸಿಯೆನ್ ಶರಣಾಗಿ, ಔಸ್ಟರ್ವೀಲ್ ಹತ್ತಿರ ಕ್ಯಾಲ್ವಿನ್ ಪಂಥದ ಸೈನ್ಯ ನಾಶವಾಗಿ, ದಂಗೆ ಅಡಗಿಹೋಗಿತ್ತು. ವಿಲಿಯಂ ಜರ್ಮನಿಗೆ ಹೋಗಿಬಿಟ್ಟಿದ್ದ. ಇಲ್ಲಿಗೇ ಮುಗೀಬಹುದಿತ್ತು.

ಹಳೇ_ಮೇಷ್ಟ್ರು:
ಮುಗಿಯಬಹುದಿತ್ತು. ಶಾಂತವಾದ ನಾಡಿನೊಳಕ್ಕೆ 1567ರ ಆಗಸ್ಟ್ 22ರಂದು ಫಿಲಿಪ್ ಕಳಿಸಿದ ಸೇನಾಪತಿ ಆಲ್ವಾ ಡ್ಯೂಕ್ ಸುಮಾರು 10,000 ಸೈನಿಕರೊಡನೆ ಬಂದಿಳಿದ. ನನ್ನನ್ನು ಕೇಳಿದರೆ, ದಂಗೆಯನ್ನು ಎಂಬತ್ತು ವರ್ಷದ ಯುದ್ಧ ಮಾಡಿದ ನಿರ್ಧಾರ ಇದು. ಮೂರ್ತಿ ಒಡೆದವರಿಗೂ ಅರ್ಜಿ ಕೊಟ್ಟವರಿಗೂ ಅವನು ವ್ಯತ್ಯಾಸ ಮಾಡಲಿಲ್ಲ. ಅವನ 'ಗಲಭೆಗಳ ಮಂಡಳಿ'ಗೆ ಜನ ಇಟ್ಟ ಹೆಸರು ರಕ್ತದ ಮಂಡಳಿ. ಒಟ್ಟು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು, ಓಡಿಹೋದ ಸಾವಿರಾರು ಜನರ ಆಸ್ತಿ ಕಿತ್ತುಕೊಂಡಿತು. ಎಲ್ಲ ಊರಿನ, ಎಲ್ಲ ಪ್ರಾಂತದ ನ್ಯಾಯಪೀಠಗಳನ್ನೂ ಅದು ಬದಿಗೆ ಸರಿಸಿತು.

ಈಗ ನಿಮ್ಮ ಮೂಲ ಪ್ರಶ್ನೆಗೆ ಬನ್ನಿ. ಎಗ್ಮಂಟ್, ಹೋರ್ನ್ ಇಬ್ಬರೂ 'ಚಿನ್ನದ ಉಣ್ಣೆ' ಬಿರುದಿನ ಸರದಾರರು. ಅಂಥವರನ್ನು ಅದೇ ಬಿರುದಿನ ಸಮಾನರು ಮಾತ್ರ ವಿಚಾರಿಸಬೇಕೆಂಬುದು ಹಕ್ಕು. ಆಲ್ವಾ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 1568ರ ಫೆಬ್ರವರಿಯಲ್ಲಿ ಲೂವೆನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ವಿಲಿಯಂನ ಹಿರಿಯ ಮಗನನ್ನೇ ಹಿಡಿದು ಸ್ಪೇನಿಗೆ ಸಾಗಿಸಿದ. ಆ ಹುಡುಗ ತಂದೆಯನ್ನು ಮತ್ತೆ ನೋಡಲಿಲ್ಲ. ಕ್ಯಾಥೊಲಿಕ್ ಕೌಂಟರ ತಲೆ ಉರುಳಿದ್ದು ನಾಡಿಗೆ ಹೇಳಿದ್ದು ಇಷ್ಟೇ: ನಿಮ್ಮ ಧರ್ಮ ಯಾವುದಾದರೂ ಇರಲಿ, ನಿಮ್ಮ ಹಕ್ಕುಪತ್ರಕ್ಕೆ ಇನ್ನು ಬೆಲೆಯಿಲ್ಲ.

ಧಾರವಾಡದಾಂವ:
ಆಲ್ವಾನ ಸೈನ್ಯಕ್ಕ ಪಗಾರ ಯಾರು ಕೊಡಬೇಕು? ಬರ್ರಿ ನನ್ನ ಅಂಗಡಿಗೆ. 😀

1569ರ ಮಾರ್ಚಿನಾಗ ಆಲ್ವಾ ಮೂರು ತೆರಿಗಿ ಇಟ್ಟ. ಆಸ್ತಿ ಮ್ಯಾಲ ಒಂದ ಸಲ ಕೊಡೋದು ಶೇ. 1. ಹೊಲಾ ಮನಿ ಮಾರಿದ್ರ ಶೇ. 5. ಉಳಿದ ಯಾವ ಸರಕು ಮಾರಿದ್ರೂ ಶೇ. 10, ಇದಕ್ಕ ಹತ್ತನೇ ಪೆನ್ನಿ ಅಂತ ಹೆಸರು. ಕಡಿಂದು ಕಾಯಂ ತೆರಿಗಿ. ಸ್ಪೇನಿನ ಕ್ಯಾಸ್ಟೀಲಿನಾಗ ಇಂಥಾದ್ದ ಒಂದು ಮಾರಾಟ ತೆರಿಗಿ ಇತ್ತು, ಅದರ ಮಾದರಿ. ಇಲ್ಲಿ ಕೇಳ್ರಿ ವಿಷಯಾ: ಉಣ್ಣಿ ಮಾರಿದಾಗ ಒಮ್ಮೆ ಹತ್ತು, ನೂಲು ಮಾರಿದಾಗ ಮತ್ತ ಹತ್ತು, ಬಟ್ಟಿಗೆ ಮತ್ತ, ಬಣ್ಣಾ ಹಾಕಿದ ಮ್ಯಾಲ ಮತ್ತ. ವ್ಯಾಟ್ ಬರೂಕಿಂತ ಮೊದಲ ನಮ್ಮಲ್ಲೂ ಟ್ಯಾಕ್ಸಿನ ಮ್ಯಾಲ ಟ್ಯಾಕ್ಸ್ ಬೀಳ್ತಿತ್ತಲ್ಲ, ಅದರ ಅಜ್ಜ ಇದು. ಕ್ಯಾಸ್ಟೀಲಿನಾಗ ನಡದೀತು. ಒಂದು ಸರಕು ಹತ್ತು ಕೈ ದಾಟೋ ಆಂಟ್ವರ್ಪಿನಾಗ, ಲೈಡನ್ನಿನಾಗ ಅದು ಕೊಲ್ಲೋ ಮದ್ದು. ಬ್ರಸೆಲ್ಸಿನಾಗ ಅಂಗಡಿ ಬಾಗಲಾ ಹಾಕಿ ಕುಂತ್ರು. ಇದರಾಗ ಕ್ಯಾಥೊಲಿಕ್ ಯಾರು, ಪ್ರೊಟೆಸ್ಟೆಂಟ್ ಯಾರು?

ಡೆಲ್ಫ್ಟ್_ಕನ್ನಡತಿ:
ಆದ್ರೆ ಸರ್, ಹತ್ತನೇ ಪೆನ್ನಿ ವಸೂಲಾಗಿದ್ದೇ ಕಡಿಮೆ! ಪ್ರಾಂತಗಳು ವರ್ಷಕ್ಕೆ 20 ಲಕ್ಷ ಗಿಲ್ಡರ್ ಕೊಟ್ಟು 1571ರ ಆಗಸ್ಟ್ ತನಕ ಅದನ್ನ ಮುಂದೂಡಿಸಿದವು. ಆಮೇಲೆ ಹೇರೋಕೆ ಹೊರಟಾಗ ಯಾರೂ ಕೊಡಲಿಲ್ಲ. ಬಾರದ ತೆರಿಗೆಗೆ ಇಷ್ಟು ಸಿಟ್ಟು ಯಾಕೆ ಬಂತು? ಅದು ಕಾಯಂ ತೆರಿಗೆ ಅಂತ ನೀವೇ ಬರೆದಿದ್ದೀರಲ್ಲ, ಉತ್ತರ ಅಲ್ಲಿದೆ. ಅಲ್ಲಿವರೆಗೆ ರಾಜನಿಗೆ ಹಣ ಬೇಕಾದಾಗಲೆಲ್ಲ ಪ್ರತಿನಿಧಿ ಸಭೆ ಕರೀಬೇಕು, ಕುಂದುಕೊರತೆ ಕೇಳಬೇಕು. ಕಾಯಂ ತೆರಿಗೆ ಬಂತು ಅಂದ್ರೆ ಸಭೆಯನ್ನ ಮತ್ತೆ ಕರೆಯೋ ಅಗತ್ಯವೇ ಇಲ್ಲ. ಬಿಷಪ್ ಯೋಜನೆಯಲ್ಲಿ ಸಭೆಯ ಆಸನ ಕಿತ್ತುಕೊಂಡರು, ರಕ್ತದ ಮಂಡಳಿಯಲ್ಲಿ ನ್ಯಾಯಪೀಠ ಕಿತ್ತುಕೊಂಡರು, ಇಲ್ಲಿ ಹಣದ ಚೀಲದ ದಾರ. ಮೂರೂ ಸಲ ಹೋದದ್ದು ಊರಿನ ಕೈಯಿಂದ, ಸೇರಿದ್ದು ಮ್ಯಾಡ್ರಿಡ್‌ಗೆ.

ಎಂಎ_ಶಿವಮೊಗ್ಗ:
ಅಕ್ಕಾ, ಹಾಗಾದ್ರೆ ಧರ್ಮ ಬರೀ ನೆಪ ಅಂತೀರಾ?

ಡೆಲ್ಫ್ಟ್_ಕನ್ನಡತಿ:
ಖಂಡಿತ ಇಲ್ಲಪ್ಪಾ. ಹಕ್ಕುಪತ್ರಕ್ಕಾಗಿ ಸಿಟ್ಟಾದವರು ಅರ್ಜಿ ಬರೀತಾರೆ, ಅಂಗಡಿ ಮುಚ್ತಾರೆ. ಹಡಗಿನಲ್ಲಿ ವರ್ಷಗಟ್ಟಲೆ ಅಲೆದು, ಸತ್ತರೂ ಸರಿ ಅಂತ ಊರು ಹಿಡಿಯೋರು ಬೇರೆ ಜನ. 1572ರ ಏಪ್ರಿಲ್ 1ರಂದು ಬ್ರಿಲ್ ಬಂದರನ್ನ ಹಿಡಿದ 'ಕಡಲ ತಿರುಕರು' ಬಹುಪಾಲು ದೇಶ ಬಿಟ್ಟ ಕ್ಯಾಲ್ವಿನ್ ಪಂಥದವರು. ಎಲಿಜಬೆತ್ ರಾಣಿ ಇಂಗ್ಲಿಷ್ ಬಂದರುಗಳಿಂದ ಹೊರಗೆ ಹಾಕಿದ್ದರಿಂದ ಹೋಗೋಕೆ ಬೇರೆ ಜಾಗವೇ ಇರಲಿಲ್ಲ. ಅವರಿಗೆ ಬಾಗಿಲು ತೆರೆದ ಹಾಲೆಂಡಿನ ಊರುಗಳು ಮಾತ್ರ ಬಹುಪಾಲು ಕ್ಯಾಥೊಲಿಕ್. ಆ ಊರುಗಳಿಗೆ ತಿರುಕರ ಮೇಲೆ ಪ್ರೀತಿ ಏನಿರಲಿಲ್ಲ, ಸ್ಪೇನಿನ ಸೈನಿಕರನ್ನ ಒಳಗೆ ಬಿಟ್ಟುಕೊಳ್ಳೋದಕ್ಕಿಂತ ಇವರೇ ವಾಸಿ ಅನ್ನೋ ಲೆಕ್ಕ. ನಂಬಿಕೆಯವರು ಕೆಲವರು, ಹಕ್ಕಿನವರು ಹಲವರು. ಇಬ್ಬರಲ್ಲಿ ಯಾರೊಬ್ಬರೇ ಇದ್ದಿದ್ರೂ 1572 ಆಗ್ತಿರಲಿಲ್ಲ.

ಮತ್ತೆ ಈ ಕಡೆಯವರೇನೂ ದೇವತೆಗಳಲ್ಲ. ಅದೇ ಜುಲೈನಲ್ಲಿ ಬ್ರಿಲ್ ಊರಲ್ಲೇ 19 ಕ್ಯಾಥೊಲಿಕ್ ಪಾದ್ರಿ, ಸನ್ಯಾಸಿಗಳನ್ನ ತಿರುಕರ ನಾಯಕ ಲ್ಯೂಮೆ ನೇಣಿಗೆ ಹಾಕಿಸಿದ. ವಿಲಿಯಂ ಬಿಡಿ ಅಂತ ಬರೆದಿದ್ದ, ಕೇಳಲಿಲ್ಲ. 1573ರಲ್ಲಿ ಹಾಲೆಂಡಿನಲ್ಲಿ ಕ್ಯಾಥೊಲಿಕರ ಬಹಿರಂಗ ಪೂಜೆಯೇ ನಿಷೇಧ ಆಯ್ತು.

ಕಡಲತೀರ_ಕುಂದಾಪುರ:
ಒಂದು ಅನುಮಾನ. ಈಗ ಉತ್ತರದ್ದು ಪ್ರೊಟೆಸ್ಟೆಂಟ್ ಹಿನ್ನೆಲೆಯ ನೆದರ್ಲೆಂಡ್ಸ್, ದಕ್ಷಿಣದ್ದು ಕ್ಯಾಥೊಲಿಕ್ ಬೆಲ್ಜಿಯಂ. ಅಂದ ಮೇಲೆ ಪ್ರೊಟೆಸ್ಟೆಂಟ್ ಪ್ರಾಂತಗಳು ಬೇರೆಯಾದವು, ಕ್ಯಾಥೊಲಿಕರು ಉಳಿದರು ಅಂತಲೇ ಅಲ್ವಾ?

ಹಳೇ_ಮೇಷ್ಟ್ರು:
ಫಲವನ್ನು ಕಾರಣ ಮಾಡಬೇಡಿ. 1566ರಲ್ಲಿ ಕ್ಯಾಲ್ವಿನ್ ಪಂಥ ಬಲವಾಗಿದ್ದದ್ದು ದಕ್ಷಿಣದಲ್ಲಿ: ಟೂರ್ನೆ, ವ್ಯಾಲೆನ್ಸಿಯೆನ್, ಗೆಂಟ್, ಆಂಟ್ವರ್ಪ್. ಆ ಚರ್ಚಿನ ನಂಬಿಕೆಯ ಘೋಷಣೆ ಬರೆದ ಗೀಡೊ ಡಿ ಬ್ರೆ ದಕ್ಷಿಣದವನು; 1561ರಲ್ಲಿ ಅದರ ಪ್ರತಿಯನ್ನು ಟೂರ್ನೆ ಕೋಟೆಯ ಗೋಡೆಯಾಚೆ ಎಸೆದು ಹೋಗಿದ್ದ, 1567ರಲ್ಲಿ ಅವನನ್ನು ನೇಣಿಗೇರಿಸಿದರು. ಹಾಲೆಂಡಿನಲ್ಲಿ 1580ರ ದಶಕದಲ್ಲೂ ಆ ಚರ್ಚಿನ ಸದಸ್ಯರು ಹತ್ತರಲ್ಲೊಂದು ಪಾಲು ಎಂಬ ಅಂದಾಜಿದೆ.

ಗಡಿ ಬಿದ್ದದ್ದು ಸೈನ್ಯ ಎಲ್ಲಿ ನಿಂತಿತೋ ಅಲ್ಲಿ. 1576ರಲ್ಲಿ ಸಂಬಳ ಸಿಗದ ಸ್ಪ್ಯಾನಿಷ್ ಸೈನಿಕರು ನವೆಂಬರ್ 4ರಿಂದ ಆಂಟ್ವರ್ಪನ್ನು ಕೊಳ್ಳೆ ಹೊಡೆದು ಸಾವಿರಾರು ಜನರನ್ನು ಕೊಂದರು. ನಾಲ್ಕೇ ದಿನಕ್ಕೆ, ಕ್ಯಾಥೊಲಿಕ್ ಪ್ರಾಂತಗಳೂ ಬಂಡಾಯದ ಪ್ರಾಂತಗಳೂ ಗೆಂಟ್‌ನಲ್ಲಿ ಒಪ್ಪಂದ ಮಾಡಿಕೊಂಡವು: ಮೊದಲು ಪರಕೀಯ ಸೈನ್ಯ ತೊಲಗಲಿ. ಹೊಡೆದಾಟ ಬರೀ ಧರ್ಮದ್ದಾಗಿದ್ದರೆ ಈ ಒಪ್ಪಂದ ಹುಟ್ಟುತ್ತಲೇ ಇರಲಿಲ್ಲ. ಬರೀ ರಾಜಕೀಯದ್ದಾಗಿದ್ದರೆ ಮುರಿಯುತ್ತಿರಲಿಲ್ಲ. ಗೆಂಟ್‌ನಲ್ಲಿ ಕ್ಯಾಲ್ವಿನ್ ಪಂಥದವರು ಅಧಿಕಾರ ಹಿಡಿದು ಸನ್ಯಾಸಿಗಳನ್ನು ಓಡಿಸಿದರು. ವಿಲಿಯಂ ಸೂಚಿಸಿದ ಧಾರ್ಮಿಕ ಶಾಂತಿ ಎರಡೂ ಕಡೆಯ ಹಟವಾದಿಗಳಿಗೆ ಬೇಡವಾಯಿತು. 1579ರ ಜನವರಿಯಲ್ಲಿ ದಕ್ಷಿಣದ ಕೆಲವು ಪ್ರಾಂತಗಳು ಅರಾಸಿನಲ್ಲಿ ಸೇರಿ ಫಿಲಿಪ್ ಕಡೆಗೆ ಮರಳಿದವು, ಜನವರಿ 23ರಂದು ಉತ್ತರದವು ಉಟ್ರೆಕ್ಟಿನಲ್ಲಿ ಕೂಡಿಕೊಂಡವು. ಆಂಟ್ವರ್ಪ್, ಗೆಂಟ್ ಕೂಡ ಉಟ್ರೆಕ್ಟಿನ ಕೂಟಕ್ಕೇ ಸೇರಿದ್ದವು. ಸ್ಪೇನಿನ ಸೇನಾಪತಿ ಪಾರ್ಮಾ ಡ್ಯೂಕ್ 1585ರಲ್ಲಿ ಆಂಟ್ವರ್ಪನ್ನು ಗೆದ್ದ ಮೇಲೆ ಪ್ರೊಟೆಸ್ಟೆಂಟರಿಗೆ ಊರು ಬಿಡಲು ನಾಲ್ಕು ವರ್ಷ ಕೊಟ್ಟರು. ಕೆಲವೇ ವರ್ಷಗಳಲ್ಲಿ ಊರಿನ ಜನಸಂಖ್ಯೆ ಅರ್ಧಕ್ಕಿಳಿಯಿತು. ಆ ನೇಕಾರರು, ವ್ಯಾಪಾರಿಗಳು, ಮುದ್ರಕರು ಬಹಳಷ್ಟು ಜನ ಆಮ್‌ಸ್ಟರ್‌ಡ್ಯಾಂ, ಲೈಡನ್ ಸೇರಿದರು.

ಕಡಲತೀರ_ಕುಂದಾಪುರ:
ಸರಿ ಮೇಷ್ಟ್ರೇ. ನಮ್ಮ ಕರಾವಳಿಯವರಿಗೆ ಇದರಲ್ಲಿ ಒಂದು ಕೊಂಡಿ ಇದೆ. 1580ರಲ್ಲಿ ಫಿಲಿಪ್ ಪೋರ್ಚುಗಲ್ಲಿಗೂ ರಾಜನಾದ. ಅಲ್ಲಿಗೆ ಗೋವಾ ಮಾತ್ರ ಅಲ್ಲ, ಹೊನ್ನಾವರ, ಬಸರೂರು, ಮಂಗಳೂರಲ್ಲಿದ್ದ ಪೋರ್ಚುಗೀಸ್ ಕೋಟೆಗಳೂ ಅವನ ಹೆಸರಿಗೆ ಬಂದವು. ಲಿಸ್ಬನ್ನಿನ ಮೆಣಸಿನ ದಾರಿ ಕಷ್ಟ ಆದ ಮೇಲೆ ಡಚ್ಚರು ತಾವೇ ಪೂರ್ವಕ್ಕೆ ಹಡಗು ಕಟ್ಟಿದರು. ದಾರಿ ತೋರಿಸಿದವನು ಲಿನ್ಸ್‌ಖೋಟನ್, 1583ರಿಂದ 1588ರ ತನಕ ಗೋವಾದ ಆರ್ಚ್‌ಬಿಷಪ್ ಹತ್ತಿರ ಗುಮಾಸ್ತ ಆಗಿದ್ದವನು. ಊರಿಗೆ ಹೋಗಿ ಪೋರ್ಚುಗೀಸರ ಗುಟ್ಟೆಲ್ಲ ಬರೆದು ಅಚ್ಚು ಹಾಕಿಸಿದ. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ಆ ಶತಮಾನದ ಕೊನೆ ಭಾಗದಲ್ಲಿ ಬಸರೂರಿನಲ್ಲಿ ಅವರದ್ದೇ ಕೋಠಿ ಇತ್ತು.

ನಿರ್ವಾಹಕ:
ಬಸರೂರಿನ ವಿಷಯಕ್ಕೆ ಬೇರೆ ಎಳೆ ತೆರೆಯಿರಿ, ಅದೇ ಒಂದು ದೊಡ್ಡ ಕಥೆ. ಇಲ್ಲಿ ದಂಗೆಯ ಕಾರಣಗಳಷ್ಟೇ ಇರಲಿ.

ಎಂಎ_ಶಿವಮೊಗ್ಗ:
ಕೊನೆಯ ಪ್ರಶ್ನೆ. ದಂಗೆ ಎದ್ದಾಗ ಗಣರಾಜ್ಯ ಕಟ್ಟಬೇಕು ಅನ್ನೋ ಯೋಚನೆ ಇತ್ತಾ? ನೋಟ್ಸಿನಲ್ಲಿ 'ಸ್ವಾತಂತ್ರ್ಯ ಸಂಗ್ರಾಮ' ಅಂತ ಇದೆ.

ಹಳೇ_ಮೇಷ್ಟ್ರು:
ಇರಲಿಲ್ಲ. ಎಷ್ಟೋ ವರ್ಷ ಅವರ ವಾದ, ರಾಜ ಒಳ್ಳೆಯವನು, ಮಂತ್ರಿಗಳು ಕೆಟ್ಟವರು ಎಂದೇ. ವಿಲಿಯಂ 1572ರಲ್ಲಿ ಹಾಲೆಂಡಿನಲ್ಲಿ ಅಧಿಕಾರ ವಹಿಸಿಕೊಂಡದ್ದು ಫಿಲಿಪ್‌ನ ಪ್ರತಿನಿಧಿಯೆಂಬ ಹೆಸರಿನಲ್ಲಿ! 1581ರ ಜುಲೈ 26ರಂದು ಫಿಲಿಪ್‌ನನ್ನು ತ್ಯಜಿಸಿದ ಘೋಷಣೆಯೂ ಗಣರಾಜ್ಯದ ಮಾತು ಆಡುವುದಿಲ್ಲ. ಪ್ರಜೆಗಳನ್ನು ದೇವರು ದೊರೆಗಾಗಿ ಸೃಷ್ಟಿಸಲಿಲ್ಲ, ದೊರೆ ಇರುವುದು ಪ್ರಜೆಗಳಿಗಾಗಿ ಎಂದು ಶುರುಮಾಡಿ ಅವನ ತಪ್ಪುಗಳನ್ನು ಒಂದೊಂದಾಗಿ ಎಣಿಸುತ್ತದೆ. ಹೊಸ ಬಿಷಪ್‌ಗಳು, ಧರ್ಮವಿಚಾರಣೆ, ಆಲ್ವಾ, ಹತ್ತನೇ ಪೆನ್ನಿ, ಎಲ್ಲ ಆ ಪಟ್ಟಿಯಲ್ಲಿವೆ. ಧಾರವಾಡದ ಸರ್‌ಗೂ ಡೆಲ್ಫ್ಟಿನ ತಾಯಿಗೂ ಅಲ್ಲಿ ಸಾಕ್ಷಿ ಸಿಗುತ್ತದೆ.

ಡೆಲ್ಫ್ಟ್_ಕನ್ನಡತಿ:
ಲೈಡನ್ ವಿಶ್ವವಿದ್ಯಾಲಯದ ಕಥೆ ಇನ್ನೂ ತಮಾಷೆ. 1574ರ ಅಕ್ಟೋಬರ್ 3ಕ್ಕೆ ಸ್ಪೇನಿನ ಮುತ್ತಿಗೆ ಮುರಿದ ಊರು ಅದು. ಈಗಲೂ ಆ ದಿನ ಹೆರಿಂಗ್ ಮೀನು, ಬಿಳಿ ಬ್ರೆಡ್ ಹಂಚ್ತಾರೆ. ಮರುವರ್ಷ ಬಂಡಾಯಗಾರರು ಅಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದಾಗ ಸನ್ನದು ಬರೆದದ್ದು ಯಾರ ಹೆಸರಲ್ಲಿ ಗೊತ್ತಾ? ಎರಡನೇ ಫಿಲಿಪ್‌ನ ಹೆಸರಲ್ಲಿ. ಇವತ್ತಿನ ರಾಷ್ಟ್ರಗೀತೆಯಲ್ಲೂ ಸ್ಪೇನಿನ ದೊರೆಯನ್ನ ನಾನು ಯಾವತ್ತೂ ಗೌರವಿಸಿದ್ದೇನೆ ಅಂತ ವಿಲಿಯಂ ಬಾಯಲ್ಲಿ ಹೇಳಿಸಿದೆ. ಫುಟ್‌ಬಾಲ್ ಪಂದ್ಯದಲ್ಲಿ ಸ್ಪೇನ್ ಎದುರು ನಿಂತಾಗಲೂ ಅದನ್ನೇ ಹಾಡ್ತಾರೆ. 🙂

ಧಾರವಾಡದಾಂವ:
ಮತ್ತ ರಾಜಾ ಇಲ್ದ ಹೆಂಗ ಕುಂತ್ರು?

ಹಳೇ_ಮೇಷ್ಟ್ರು:
ಕೂರಲಿಲ್ಲ, ಹುಡುಕಿದರು. ಫ್ರಾನ್ಸಿನ ರಾಜನ ತಮ್ಮ ಆಂಜೂ ಡ್ಯೂಕನನ್ನು ಕರೆತಂದರು. ಅಧಿಕಾರ ಸಾಲದೆಂದು ಅವನು 1583ರಲ್ಲಿ ಆಂಟ್ವರ್ಪನ್ನೇ ಬಲವಂತದಿಂದ ಹಿಡಿಯಲು ಹೋಗಿ ಮುಖಭಂಗ ಅನುಭವಿಸಿದ. 1584ರ ಜುಲೈ 10ರಂದು ವಿಲಿಯಂನನ್ನು ಡೆಲ್ಫ್ಟಿನಲ್ಲಿ ಗುಂಡಿಟ್ಟು ಕೊಂದರು. ಆಮೇಲೆ ಫ್ರಾನ್ಸಿನ ರಾಜನನ್ನು ಕೇಳಿದರು, ಬೇಡವೆಂದ. ಎಲಿಜಬೆತ್‌ಳನ್ನು ಕೇಳಿದರು, ಪಟ್ಟ ಬೇಡ, ಸೈನ್ಯ ಕೊಡುತ್ತೇನೆಂದು 1585ರಲ್ಲಿ ಲೀಸ್ಟರ್ ಅರ್ಲನನ್ನು ಕಳಿಸಿದಳು. ಅವನು ಹಾಲೆಂಡಿನ ನಗರಸಭೆಗಳ ಜೊತೆ ಜಗಳವಾಡಿಕೊಂಡು 1587ರ ಕೊನೆಗೆ ವಾಪಸ್ ಹೋದ. ಇನ್ನು ಯಾರನ್ನೂ ಕೇಳುವುದು ಬೇಡವೆಂದು ಪ್ರಾಂತಗಳ ಸಭೆ ತಾನೇ ಆಡಳಿತ ನಡೆಸತೊಡಗಿತು. ಸ್ಪೇನು ಅದನ್ನು ಪೂರ್ತಿ ಒಪ್ಪಿಕೊಳ್ಳಲು 1648 ಆಗಬೇಕಾಯಿತು.